ಕೋಟೆ ಬಾಗಿಲೊಂದೇ ಸಾಕೇನ್ರಿ? ಬಾದಾಮಿಯಿಂದ ಪಾಸ್‌ವರ್ಡ್‌ವರೆಗೆ

ಬಾಗಲಕೋಟೆಯ ಎಷ್ಟೋ ಮನೆಗಳಲ್ಲಿ ಕಂಪ್ಯೂಟರ್ ಒಂದೇ, ಬಳಸೋರು ನಾಲ್ಕು ಮಂದಿ. ಅಪ್ಪನ ಉತಾರ, ಮುಳುಗಡೆ ಪರಿಹಾರದ ಕಾಗದ, ಅಕ್ಕನ ಆಧಾರ್, ನಿಮ್ಮ ಡೈರಿ ಎಲ್ಲಾ ಅದರಲ್ಲೇ. ನೇಕಾರರ ಮನೆಯಾದರೆ ಇನ್ನೂ ಪೇಟೆಗೆ ಬರದ ಇಳಕಲ್ ಸೀರೆಯ ಡಿಸೈನೂ ಇರುತ್ತೆ. ಲಾಗಿನ್ ಪಾಸ್‌ವರ್ಡ್ ಹಾಕೀವಿ, ಇನ್ನೇನು ಭಯ ಅಂತೀರಿ. ಅಷ್ಟಕ್ಕೇ ಸಾಕಾ? ಒಮ್ಮೆ ಬಾದಾಮಿ ಬೆಟ್ಟ ನೋಡೋಣ ಬರ್ರಿ.

ಕ್ರಿ.ಶ. 543. ಚಾಲುಕ್ಯ ದೊರೆ ಒಂದನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ. ಮೇಲಿಂದಲೂ ಕೆಳಗಿಂದಲೂ ಗೆಲ್ಲಲಾಗದ ಕೋಟೆ ಇದು ಅನ್ನೋ ಅರ್ಥದ ಶಾಸನ ಅಲ್ಲಿನ ಬಂಡೆಯ ಮೇಲೇ ಇದೆ. ಆದರೆ 642ರಲ್ಲಿ ಪಲ್ಲವ ನರಸಿಂಹವರ್ಮ ಒಳಗೆ ನುಗ್ಗಿದ. ಗೋಡೆ ದಾಟಿದ ಮೇಲೆ ಇಡೀ ರಾಜಧಾನಿ ಅವನ ಕೈಲಿತ್ತು. ಬಾದಾಮಿಯ ಬಂಡೆ ಮೇಲೆ ಅವನ ಶಾಸನವೂ ಉಳಿದಿದೆ.

ಕಂಪ್ಯೂಟರಿನ ಕಥೆಯೂ ಹೀಗೇ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕೊರ್ಬಾಟೋ ತಂಡ ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳೋ ಸಿಟಿಎಸ್‌ಎಸ್ ವ್ಯವಸ್ಥೆ ತೋರಿಸಿತು. ಒಬ್ಬರ ಫೈಲು ಇನ್ನೊಬ್ಬರಿಗೆ ಕಾಣದಿರಲಿ ಅಂತ ಪಾಸ್‌ವರ್ಡ್ ಬಂತು. 1962ರಲ್ಲೇ ಅಲನ್ ಶೆರ್ ಅನ್ನೋ ಸಂಶೋಧನಾ ವಿದ್ಯಾರ್ಥಿ ತನಗೆ ಕೊಟ್ಟ ಸಮಯ ಸಾಲದೆ ಒಂದು ಉಪಾಯ ಹೂಡಿದ. ಎಲ್ಲರ ಪಾಸ್‌ವರ್ಡ್ ಇದ್ದ ಫೈಲನ್ನೇ ಪ್ರಿಂಟ್ ಹಾಕಿಸಿಕೊಂಡ! ಬಾಗಿಲಿಗೆ ಕಾವಲಿತ್ತು, ಆದರೆ ಒಳಗಿನ ಪಟ್ಟಿ ಯಾರು ಬೇಕಾದರೂ ಓದೋ ಹಾಗೆ ಬಿದ್ದಿತ್ತು.

ಈಗ ನಿಮ್ಮ ಕಂಪ್ಯೂಟರ್ ಹುನಗುಂದದ ಯಾವುದೋ ರಿಪೇರಿ ಅಂಗಡಿಗೆ ಹೋಯ್ತು ಅಂದ್ಕೊಳ್ಳಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ, ಅದನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿದರೆ ಸಾಕು, ಲಾಗಿನ್ ಪಾಸ್‌ವರ್ಡ್ ಕೇಳೋರೇ ಇಲ್ಲ. ಫೋಲ್ಡರನ್ನು 'ಹಿಡನ್' ಮಾಡೋದೂ ಬೀಗವಲ್ಲ, ಬರೀ ಪರದೆ. ಸೆಟ್ಟಿಂಗ್ಸಲ್ಲಿ ಒಂದು ಟಿಕ್ ಹಾಕಿದರೆ ಎಲ್ಲಾ ಕಾಣುತ್ತೆ.

ಹಾಗಾದರೆ ಏನು ಮಾಡೋದು? ಕೋಟೆಯ ಜೊತೆಗೆ ಒಳಗಿನ ಪೆಟ್ಟಿಗೆಗೂ ಬೀಗ ಬೇಕು. ಸೆವೆನ್-ಜಿಪ್ ಅನ್ನೋ ಉಚಿತ ತಂತ್ರಾಂಶದಲ್ಲಿ ಫೋಲ್ಡರಿಗೆ ಉದ್ದನೆಯ ಪಾಸ್‌ವರ್ಡ್ ಕೊಟ್ಟರೆ ಒಳಗಿನ ಅಕ್ಷರಗಳೇ ಗುಪ್ತಲಿಪಿ ಆಗ್ತವೆ. ಫೈಲಿನ ಹೆಸರುಗಳನ್ನೂ ಮುಚ್ಚೋ ಆಯ್ಕೆ ಇದೆ, ಅದನ್ನೂ ಹಾಕಿ. ಬೀಗ ಹಾಕಿದ್ದು ಸರಿಯಾಗಿ ತೆರೆಯುತ್ತಾ ನೋಡಿ, ಆಮೇಲೆ ಹಳೆಯ ತೆರೆದ ಪ್ರತಿಯನ್ನು ಅಳಿಸಿ. ಎಷ್ಟೋ ಜನ ಮರೆಯೋದು ಇದನ್ನೇ.

ಒಂದು ಎಚ್ಚರ: ಈ ಪಾಸ್‌ವರ್ಡ್ ಮರೆತರೆ ತೆಗೆಸಿಕೊಡೋರು ಯಾರೂ ಇಲ್ಲ. ಪರಿಹಾರದ ಕಾಗದ ನಿಮಗೂ ಸಿಗಲ್ಲ. ಹಾಗಾಗಿ ಅದನ್ನು ಹಾಳೆಯಲ್ಲಿ ಬರೆದು, ಮನೆಯ ತಿಜೋರಿಯಲ್ಲಿ ಇಟ್ಟುಬಿಡಿ.