ತಪ್ಪು ಕಾರಣಕ್ಕೆ ಸಿಕ್ಕಿದ ಮದ್ದು

ಅಪಸ್ಮಾರವೆಂಬ ಶಬ್ದವನ್ನು ತರಗತಿಯಲ್ಲಿ ಬಿಡಿಸಿ ಹೇಳುವಾಗ ನಟರಾಜನ ಪಾದದಡಿಯ ಕುಳ್ಳನನ್ನು ನೆನೆಯುವುದು ನನ್ನ ವಾಡಿಕೆ. ಸ್ಮೃತಿ ತಪ್ಪುವುದೇ ಅಪಸ್ಮಾರ. ನಮ್ಮ ಹಳ್ಳಿಗಳಲ್ಲಿ ಈ ರೋಗಕ್ಕೆ ದೆವ್ವವನ್ನು ದೂರಿದರು; ಯೂರೋಪಿನ ವೈದ್ಯರಾದರೋ ಬಹುಕಾಲ ರೋಗಿಯ ಕಾಮವನ್ನೇ ದೂರಿದರು. ಸ್ವಿಟ್ಜರ್ಲೆಂಡಿನ ಟಿಸ್ಸೊ ಎಂಬ ವೈದ್ಯನು 1760ರಲ್ಲಿ ಹಸ್ತಮೈಥುನದ ಮೇಲೆ ಗ್ರಂಥವೊಂದನ್ನು ಪ್ರಕಟಿಸಿ, ಅದರ ಕೇಡುಗಳ ಸಾಲಿಗೆ ಮೂರ್ಛೆರೋಗವನ್ನೂ ಸೇರಿಸಿದನು. ನೂರು ವರ್ಷವಾದರೂ ಆ ನಂಬಿಕೆ ಸಡಿಲಲಿಲ್ಲ.

1857ರ ಮೇ ತಿಂಗಳಲ್ಲಿ ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ ಸೀವ್ಕಿಂಗ್ ಎಂಬಾತನು ಮೂರ್ಛೆರೋಗವನ್ನು ಕುರಿತು ಪ್ರಬಂಧ ಓದಿದನು. ಅದರ ಮೇಲಿನ ಚರ್ಚೆಯಲ್ಲಿ ಮಾತಾಡಿದವನು ಚಾರ್ಲ್ಸ್ ಲೋಕಾಕ್, ವಿಕ್ಟೋರಿಯಾ ರಾಣಿಯ ಹೆರಿಗೆಯ ವೈದ್ಯ. ಪೊಟ್ಯಾಸಿಯಂ ಬ್ರೋಮೈಡ್ ಸೇವಿಸಿದ ಗಂಡಸರಿಗೆ ಕೆಲಕಾಲ ಪುರುಷತ್ವ ಕುಂದುವುದೆಂದು ಜರ್ಮನಿಯ ವರದಿಯೊಂದರಲ್ಲಿ ಅವನು ಓದಿದ್ದನು. ಕಾಮ ಕುಗ್ಗಿದರೆ ಮೂರ್ಛೆಯೂ ಕುಗ್ಗಬೇಕಲ್ಲವೆ? ಮುಟ್ಟಿನ ದಿನಗಳಲ್ಲಿ ಮೂರ್ಛೆ ಬರುತ್ತಿದ್ದ ಹದಿನಾಲ್ಕೋ ಹದಿನೈದೋ ಮಂದಿ ಹೆಂಗಸರಿಗೆ ಅದನ್ನು ಕೊಟ್ಟನಂತೆ; ಒಬ್ಬಳ ಹೊರತು ಎಲ್ಲರಿಗೂ ಗುಣ ಕಂಡಿತು.

ತರ್ಕ ತಪ್ಪು, ಮದ್ದು ಸರಿ! ಬ್ರೋಮೈಡ್ ಶಮನ ಮಾಡಿದ್ದು ಮಿದುಳಿನ ಉದ್ರೇಕವನ್ನು. ಮುಟ್ಟಿಗೂ ಮೂರ್ಛೆಗೂ ಕೆಲವರಲ್ಲಿ ನಂಟಿರುವುದು ನಿಜವೇ; ಆದರೆ ಅದು ಹಾರ್ಮೋನುಗಳ ಏರಿಳಿತದಿಂದ, ಕಾಮದಿಂದಲ್ಲ. ಮುಂದೆ ಐವತ್ತು ವರ್ಷ ಬ್ರೋಮೈಡೇ ಮುಖ್ಯ ಔಷಧವಾಗಿ ಮೆರೆಯಿತು. ಅದರಿಂದ ಮೈಗೆ ಗುಳ್ಳೆ, ಬುದ್ಧಿಗೆ ಮಂಕು. ಕಾಮ ಕುಗ್ಗಿದರೆ ರೋಗಿಯ ದುಃಖವೇನೆಂದು ಯಾರು ಕೇಳಬೇಕು? ಅದನ್ನೇ ಲಾಭವೆಂದುಕೊಂಡಿದ್ದರಲ್ಲ!

1912ರಲ್ಲಿ ಫಿನೊಬಾರ್ಬಿಟಾಲ್, 1938ರಲ್ಲಿ ಫೆನಿಟಾಯ್ನ್ ಬಂದವು. ಇವು ಬ್ರೋಮೈಡಿಗಿಂತ ಎಷ್ಟೋ ಮೇಲು. ಆದರೂ ಇವು ಯಕೃತ್ತಿನ ಕೆಲಸವನ್ನು ಚುರುಕುಗೊಳಿಸಿ, ರಕ್ತದಲ್ಲಿ ಬಿಡಿಯಾಗಿ ಸಿಗುವ ಪುರುಷ ಹಾರ್ಮೋನನ್ನು ತಗ್ಗಿಸಬಲ್ಲವೆಂದು ಈಗ ತಿಳಿದಿದೆ. ಮಿದುಳಿನ ಪಕ್ಕದ ಹಾಲೆಯಲ್ಲಿ ಹುಟ್ಟುವ ಅಪಸ್ಮಾರವೂ ತಾನಾಗಿಯೇ ಆಸೆಯನ್ನು ತಗ್ಗಿಸುವುದುಂಟು. ಖಿನ್ನತೆ, ಅಂಜಿಕೆಗಳು ಬೇರೆ. ಅನೇಕರಿಗೆ ವೈದ್ಯರು ಔಷಧ ಬದಲಾಯಿಸಿದರೆ ಪರಿಹಾರವಿದೆ.

ನಮ್ಮಲ್ಲಿ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಾದ ತಿದ್ದುಪಡಿಯು ಪದೇ ಪದೇ ಅಪಸ್ಮಾರ ಬರುವುದನ್ನು ಮದುವೆಗೆ ಅಡ್ಡಿಯೆಂದು ಬರೆಯಿತು. 1999ರಲ್ಲಿ ಆ ಪದವನ್ನು ತೆಗೆದರು. ಅದಾದ ಎಷ್ಟೋ ವರ್ಷದ ಮೇಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮದುವೆಯಾದ ಮೇಲೆ ಮಾತ್ರೆಯನ್ನು ತಾನಾಗಿಯೇ ಬಿಟ್ಟು, ಬಸ್ ನಿಲ್ದಾಣದಲ್ಲಿ ಬಿದ್ದು ಹಲ್ಲು ಮುರಿದುಕೊಂಡಿದ್ದ. ಏಕೆ ಬಿಟ್ಟೆಯಪ್ಪಾ ಎಂದೆ. ತಲೆ ತಗ್ಗಿಸಿ ಕಾರಣ ಹೇಳಿದ. ಡಾಕ್ಟರಿಗೆ ಹೇಳಬಾರದಾಗಿತ್ತೆ ಎಂದೆ.

“ಅವರು ಕೇಳಲಿಲ್ಲ ಸಾರ್, ನಾನು ಹೇಳಲಿಲ್ಲ.”