ಕಣ್ಣಿಗೆ ಕಾಣದ ಗಾಯ

ಯಂತ್ರದ ಹಲ್ಲಿಗೆ ಸಿಕ್ಕಿ ಬೆರಳನ್ನು ಕಳೆದುಕೊಂಡ ಕೂಲಿಕಾರನ ನಷ್ಟವನ್ನು ಅಳೆಯುವುದು ಅಷ್ಟೇನೂ ಕಷ್ಟವಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1923ರಲ್ಲಿ ಆದ ಕಾರ್ಮಿಕರ ನಷ್ಟಪರಿಹಾರ ಶಾಸನದ ಅನುಬಂಧದಲ್ಲಿ, ಬಲದೋಳು ಮೊಳಕೈಯಿಂದ ಮೇಲಕ್ಕೆ ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 70 ಭಾಗ, ಎಡದೋಳಿಗೆ 60, ಒಂದು ಕಣ್ಣಿಗೆ 30, ತೋರುಬೆರಳಿಗೆ 10 ಎಂದು ಪಟ್ಟಿಯನ್ನೇ ಬರೆದಿಟ್ಟಿದ್ದರು. ನಿದ್ರೆ ಹೋದವನಿಗೆ ಎಷ್ಟು, ಜ್ಞಾಪಕ ಹೋದವನಿಗೆ ಎಷ್ಟು ಎಂಬುದು ಆ ಪಟ್ಟಿಯಲ್ಲಿರಲಿಲ್ಲ. ಮೈಯಲ್ಲಿ ಗುರುತಿಲ್ಲದ ಈ ಬಗೆಯ ಪೆಟ್ಟು ನಿಜವೋ ನಟನೆಯೋ ಎಂಬ ವ್ಯಾಜ್ಯವು ಅಷ್ಟರಲ್ಲಾಗಲೇ ಯೂರೋಪಿನ ವೈದ್ಯರನ್ನೂ ನ್ಯಾಯಾಧೀಶರನ್ನೂ ಅರ್ಧ ಶತಮಾನಕ್ಕೂ ಮೇಲ್ಪಟ್ಟು ಕಾಡಿದ್ದಿತು.

ವ್ಯಾಜ್ಯ ಹುಟ್ಟಿದುದು ಉಗಿಬಂಡಿಯ ಹಳಿಗಳ ಮೇಲೆ. ಬಂಡಿಗಳು ಒಂದಕ್ಕೊಂದು ಬಡಿದಾಗ ಎಲುಬು ಮುರಿಯದೆ, ರಕ್ತ ಸುರಿಯದೆ ಎದ್ದುಬಂದವರು, ಕೆಲವು ದಿನಗಳ ಮೇಲೆ ತಮ್ಮ ಕೆಲಸಕ್ಕೆ ನಿಷ್ಪ್ರಯೋಜಕರಾಗುತ್ತಿದ್ದರು. ಲಂಡನ್ನಿನ ಜಾನ್ ಎರಿಕ್ ಎರಿಕ್ಸೆನ್ ಎಂಬ ಶಸ್ತ್ರವೈದ್ಯನು 1866ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥವರ ಲಕ್ಷಣಗಳನ್ನು ವಿವರಿಸಿದನು: ಜ್ಞಾಪಕವು ಕುಂದುವುದು, ವಿಚಾರಗಳು ಒಂದರೊಳಗೊಂದು ತೊಡರಿಕೊಳ್ಳುವುದು, ವ್ಯವಹಾರದ ಚಾತುರ್ಯವು ಹೋಗುವುದು, ಸ್ವಭಾವವು ಸಿಡುಕಾಗುವುದು, ನಿದ್ರೆಯು ಕೆಡುವುದು. ಸುತ್ತಿಗೆಯಿಂದ ಬಲವಾಗಿ ಹೊಡೆದಾಗ ಸೂಜಿಗಲ್ಲು ತನ್ನ ಆಕರ್ಷಣಶಕ್ತಿಯನ್ನು ಕಳೆದುಕೊಳ್ಳುವಂತೆ ಬೆನ್ನುಹುರಿಯೂ ಅದುರಿ ತನ್ನ ಶಕ್ತಿಯನ್ನು ಕಳೆದುಕೊಳ್ಳುವುದೆಂದು ಅವನು ಊಹಿಸಿದನು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು 1865ರ ಜೂನ್ 9ರಂದು ಸ್ಟೇಪಲ್‌ಹರ್ಸ್ಟ್ ಎಂಬಲ್ಲಿ ಇಂಥ ಅಪಘಾತದಿಂದ ಪಾರಾದವನು. ಗಾಯಾಳುಗಳಿಗೆ ಧೈರ್ಯವಾಗಿ ಉಪಚಾರ ಮಾಡಿದ ಆತನೇ ಆಮೇಲೆ ಬಂಡಿಯಲ್ಲಿ ಕುಳಿತಾಗ ಕಾರಣವಿಲ್ಲದೆ ನಡುಗುತ್ತಿದ್ದನು. ಐದು ವರ್ಷಗಳ ತರುವಾಯ ಅದೇ ತಾರೀಖಿನಂದೇ ಆತನು ತೀರಿಕೊಂಡುದು ಒಂದು ವಿಚಿತ್ರ.

ಎರಿಕ್ಸೆನನ ಮಾತಿನ ಬಲದಿಂದ ಪರಿಹಾರದ್ರವ್ಯವನ್ನು ತೆರಬೇಕಾಗಿ ಬಂದ ಕಂಪೆನಿಗಳು ಸುಮ್ಮನಿರಲಿಲ್ಲ. ಲಂಡನ್ ಮತ್ತು ವಾಯವ್ಯ ರೈಲ್ವೆಯ ಶಸ್ತ್ರವೈದ್ಯನಾದ ಹರ್ಬರ್ಟ್ ಪೇಜನು 1883ರಲ್ಲಿ ಅದಕ್ಕೆ ಖಂಡನವನ್ನು ಬರೆದನು. ಬೆನ್ನುಹುರಿಗೆ ಏನೂ ಆಗಿರುವುದಿಲ್ಲ, ಭಯವೊಂದೇ ಇಷ್ಟನ್ನೆಲ್ಲ ಮಾಡಬಲ್ಲುದು ಎಂಬುದು ಅವನ ಸಿದ್ಧಾಂತ. ಅವನಿಗೆ ಸಂಬಳ ಕೊಡುತ್ತಿದ್ದವರಾರೆಂಬುದನ್ನು ವಾಚಕರು ಮರೆಯಬಾರದು. ಆದರೂ, ಅಪಘಾತಕ್ಕೊಳಗಾದವನ ಮನಸ್ಸನ್ನು ವೈದ್ಯರ ವಿಚಾರಕ್ಕೆ ತಂದ ಶ್ರೇಯಸ್ಸಿನಲ್ಲಿ ಕಂಪೆನಿಯ ಈ ವಕಾಲತ್ತುದಾರನಿಗೂ ಪಾಲುಂಟು.

ಪ್ಯಾರಿಸಿನ ಸಾಲ್ಪೇಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಪಂಡಿತನು ಇದೇ ಎಳೆಯನ್ನು ಹಿಡಿದನು. ಅವನಲ್ಲಿಗೆ ಬಂದವರಲ್ಲಿ ಹೂವಿನಂಗಡಿಯ ಸರಕನ್ನು ಮನೆಮನೆಗೆ ಮುಟ್ಟಿಸುತ್ತಿದ್ದ ಒಬ್ಬ ಆಳು ಇದ್ದನು. 1885ರಲ್ಲಿ ಬೀದಿಯಲ್ಲಿ ಒಂದು ಕುದುರೆಗಾಡಿಯು ಬಡಿದು ಅವನು ಮೂರ್ಛೆ ಹೋಗಿದ್ದನು. ಎಚ್ಚರವಾದ ಮೇಲೆ ಅವನ ಕಾಲುಗಳಿಗೆ ಸ್ವಾಧೀನವಿರಲಿಲ್ಲ. ಗಾಡಿಯ ಚಕ್ರಗಳು ತನ್ನ ಮೇಲೆ ಹಾದುಹೋದುವೆಂದು ಅವನ ದೃಢವಾದ ನಂಬಿಕೆ. ನಿಜಕ್ಕೂ ಅವು ಅವನನ್ನು ಮುಟ್ಟಿಯೇ ಇರಲಿಲ್ಲ! ಆಳು ಸುಳ್ಳುಗಾರನಲ್ಲ, ಆ ಭಾವನೆಯೇ ಕಾಲನ್ನು ಕಟ್ಟಿಹಾಕಿದೆ ಎಂದು ಶಾರ್ಕೋ ಸಾರಿದನು. ಬಡವನ ಮಾತನ್ನು ಅಷ್ಟು ದೊಡ್ಡ ಪಂಡಿತನು ನಂಬಿದುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಆದರೆ ಇದರ ನಿಜವಾದ ರಣರಂಗವು ಜರ್ಮನಿ. ಬಿಸ್ಮಾರ್ಕನ ಕಾಲದಲ್ಲಿ, 1884ರಲ್ಲಿ, ಅಲ್ಲಿ ಅಪಘಾತ ವಿಮೆಯ ಶಾಸನವಾಯಿತು. ತಪ್ಪು ಯಾರದೆಂದು ಕೇಳದೆ ಗಾಯಗೊಂಡ ಕಾರ್ಮಿಕನಿಗೆ ವೇತನ ಸಲ್ಲುವಂತಾಯಿತು. ಬರ್ಲಿನ್ನಿನ ಹರ್ಮನ್ ಓಪೆನ್‌ಹೈಮನು ಇಂಥವರನ್ನು ಪರೀಕ್ಷಿಸಿ 1889ರಲ್ಲಿ 'ಆಘಾತಜನ್ಯ ನರರೋಗ'ಗಳೆಂಬ ಹೆಸರಿನಿಂದ ಗ್ರಂಥ ಬರೆದನು. ನಿದ್ರಾಹೀನತೆ, ದುಃಸ್ವಪ್ನ, ಸದ್ದಿಗೆ ಬೆಚ್ಚುವುದು, ಏಕಾಗ್ರತೆಯಿಲ್ಲದಿರುವುದು, ನೋಟದ ವ್ಯಾಪ್ತಿಯೇ ಕಿರಿದಾಗುವುದು, ಇವೆಲ್ಲ ಅದರಲ್ಲಿ ಬಂದುವು. ಅದೇ ವರ್ಷ ಸಾಮ್ರಾಜ್ಯದ ವಿಮಾ ಕಚೇರಿಯು ಈ ರೋಗವನ್ನು ಪರಿಹಾರಕ್ಕೆ ಅರ್ಹವೆಂದು ಒಪ್ಪಿತು.

ಒಪ್ಪಿದ ಮರುವರ್ಷವೇ ಬರ್ಲಿನ್ನಿನ ವೈದ್ಯ ಸಮ್ಮೇಳನದಲ್ಲಿ ಓಪೆನ್‌ಹೈಮನ ಮೇಲೆ ಎಲ್ಲ ಕಡೆಯಿಂದಲೂ ಬಾಣಗಳು ಬಿದ್ದುವು. ನೋಟದ ವ್ಯಾಪ್ತಿಯನ್ನು ರೋಗಿಯು ಹೇಳಿದಂತೆ ಅಳೆಯಬೇಕಷ್ಟೆ, ಅದನ್ನು ನಂಬುವುದೆಂತು ಎಂದರು. 1895ರಲ್ಲಿ ಶ್ಟ್ರೂಂಪೆಲ್ ಎಂಬವನು, ವೇತನವನ್ನು ಬಯಸುವ ಭಾವನೆಯೇ ರೋಗದ ಮೂಲವೆಂದನು. 'ವೇತನದ ನರರೋಗ' ಎಂಬ ಕುಚೋದ್ಯದ ಹೆಸರೂ ಹುಟ್ಟಿತು. ಹೀಗಾಗಿ ಕೂಲಿಕಾರನು ವೈದ್ಯರಿಂದ ವೈದ್ಯರಿಗೆ ಅಲೆದು ತನ್ನ ರೋಗವನ್ನು ಮತ್ತೆಮತ್ತೆ ರುಜುಪಡಿಸಬೇಕಾಯಿತು. ಗುಣಮುಖನಾದರೆ ಮೊದಲು ಸುಳ್ಳಾಡಿದನೆಂಬ ಅಪವಾದ, ಆಗದಿದ್ದರೆ ಈಗಲೂ ಸುಳ್ಳಾಡುತ್ತಾನೆಂಬ ಅಪವಾದ. ಇಂಥ ಇಕ್ಕಟ್ಟಿನಲ್ಲಿ ಆರೋಗ್ಯವಂತನಿಗೂ ನಿದ್ರೆ ಬಾರದು.

ಮಹಾಯುದ್ಧದ ನಡುವೆ, 1916ರಲ್ಲಿ ಮ್ಯೂನಿಕ್ಕಿನಲ್ಲಿ ಕೂಡಿದ ನರವೈದ್ಯರ ಸಭೆಯು ಸೈನಿಕರ ನಡುಕದ ವಿಚಾರದಲ್ಲಿಯೂ ಓಪೆನ್‌ಹೈಮನನ್ನು ಒಂಟಿಯಾಗಿಸಿತು. ಅವನು 1919ರಲ್ಲಿ ಮೃತನಾದನು. 1926ರಲ್ಲಿ ಅದೇ ವಿಮಾ ಕಚೇರಿಯು ತನ್ನ ಹಿಂದಿನ ಅಭಿಪ್ರಾಯವನ್ನು ತಿರುಗಿಸಿತು: ತಾನು ರೋಗಿಯೆಂಬ ಭಾವನೆಯಿಂದಲೋ ಬಯಕೆಯಿಂದಲೋ ಮಾತ್ರ ಕಾರ್ಮಿಕನು ದುಡಿಯಲಾರದವನಾದರೆ, ಅಪಘಾತವು ಅದಕ್ಕೆ ಕಾರಣವಲ್ಲ, ವೇತನವೂ ಇಲ್ಲ.

ಶಾರ್ಕೋವಿನ ರೋಗಿಗೆ ಆ ತೀರ್ಪನ್ನು ಅನ್ವಯಿಸಿದರೆ ಅವನಿಗೆ ಒಂದು ಕಾಸೂ ದೊರೆಯುತ್ತಿರಲಿಲ್ಲ. ಅಮೆರಿಕದ ಮನೋವೈದ್ಯರ ಸಂಘವು ಆಘಾತೋತ್ತರ ಮನೋವ್ಯಾಧಿಯನ್ನು ತನ್ನ ರೋಗಪಟ್ಟಿಯಲ್ಲಿ ಸೇರಿಸಿದುದು 1980ರಲ್ಲಿ. ಅದೂ ವಿಯೆಟ್ನಾಮ್ ಯುದ್ಧದಿಂದ ಮರಳಿದ ಸೈನಿಕರ ಪರವಾಗಿ ಹೋರಾಡಿದವರ ಒತ್ತಾಯದಿಂದ. ಅಷ್ಟರಲ್ಲಿ ಜರ್ಮನಿಯ ಆ ಕೂಲಿಕಾರರಲ್ಲಿ ಬಹುಮಂದಿ ಬದುಕಿ ಉಳಿದಿರಲಿಲ್ಲ.