ಭಾವಚಿತ್ರ ಮಸೂರದ ಆಯ್ಕೆ: ಒಂದು ಐತಿಹಾಸಿಕ ವಿವೇಚನೆ

ಇತಿಹಾಸದ ಆಧಾರಸಾಮಗ್ರಿಗಳನ್ನು ಎಣಿಸುವಾಗ ನಾವು ಶಾಸನ, ನಾಣ್ಯ, ಕಡತಗಳನ್ನು ಹೆಸರಿಸಿ, ಹತ್ತೊಂಬತ್ತನೆಯ ಶತಮಾನಕ್ಕೆ ಬಂದೊಡನೆ ಛಾಯಾಚಿತ್ರವನ್ನೂ ಆ ಪಟ್ಟಿಗೆ ಸೇರಿಸುತ್ತೇವೆ. ಶಾಸನವನ್ನು ಓದುವ ಮುನ್ನ ಅದರ ಲಿಪಿಯನ್ನೂ ಶಿಲೆಯನ್ನೂ ಕಂಡರಿಸಿದವನ ಕೈಯನ್ನೂ ಪರೀಕ್ಷಿಸುವುದು ನಮಗೆ ರೂಢಿ. ಛಾಯಾಚಿತ್ರವನ್ನು ಓದುವಾಗ ಈ ಎಚ್ಚರಿಕೆ ಅಷ್ಟಾಗಿ ಕಂಡುಬರುವುದಿಲ್ಲ. ಕೆಲವು ವರ್ಷಗಳ ಹಿಂದೆ ನಾವು ತರಗತಿಯಲ್ಲಿ 1840ರ ದಶಕದ ಕೆಲವು ಯೂರೋಪೀಯ ಭಾವಚಿತ್ರಗಳ ಪ್ರತಿಗಳನ್ನು ತೋರಿಸಿದಾಗ, ಆ ಕಾಲದವರು ನಗುವುದನ್ನೇ ಅರಿಯರೇ ಎಂದು ವಿದ್ಯಾರ್ಥಿಯೊಬ್ಬರು ಕೇಳಿದರು. ಆ ಗಾಂಭೀರ್ಯವು ಆ ಯುಗದ ಮನೋಧರ್ಮವೆಂದು ನಾವು ಅಂದು ಉತ್ತರವಿತ್ತೆವು. ಆ ಉತ್ತರ ಅರ್ಧ ಮಾತ್ರ ಸರಿ. ಉಳಿದ ಅರ್ಧವು ಮನೋಧರ್ಮಕ್ಕೆ ಸೇರಿದುದಲ್ಲ, ಗಾಜಿಗೆ ಸೇರಿದುದು. ಭಾವಚಿತ್ರಕ್ಕೆಂದು ಮಸೂರವನ್ನು ಆರಿಸಿಕೊಂಡ ಕಥೆಯನ್ನು ಇಲ್ಲಿ ವಿವೇಚಿಸಿ, ಆ ಉತ್ತರವನ್ನು ತಿದ್ದಿಕೊಳ್ಳಲು ಯತ್ನಿಸುತ್ತೇವೆ.

ದಗೇರನ ಚಿತ್ರವಿಧಾನದ ವಾರ್ತೆ 1839ರ ಜನವರಿ 7ರಂದು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯಲ್ಲಿ ಪ್ರಕಟವಾಯಿತು. ಅದರ ವಿವರಗಳು ಆಗಸ್ಟ್ 19ರಂದು ಬಹಿರಂಗಗೊಂಡವು. ದಗೇರನ ಪೆಟ್ಟಿಗೆಗೆ ಮಸೂರವನ್ನು ಒದಗಿಸಿದವನು ಪ್ಯಾರಿಸಿನ ಷಾರ್ಲ್ ಶೆವಾಲಿಯೆ. ಆ ಮಸೂರದ ಚಿತ್ರ ಅಂಚಿನವರೆಗೂ ಸ್ಪಷ್ಟವಾಗಿರಬೇಕಾದರೆ ಅದರ ಬಾಯಿಯನ್ನು ಬಹಳ ಕಿರಿದುಗೊಳಿಸಬೇಕಾಗಿದ್ದಿತು. ಬೆಳಕು ಹೊಗುವ ರಂಧ್ರದ ವ್ಯಾಸವು ಮಸೂರದ ಸಂಗಮದೂರದ ಹದಿನೈದನೆಯ ಒಂದು ಪಾಲಿನಷ್ಟು ಮಾತ್ರ. ಇದರ ಫಲವಾಗಿ ಒಳ್ಳೆಯ ಬಿಸಿಲಿನಲ್ಲಿಯೂ ಫಲಕಕ್ಕೆ ಹಲವು ನಿಮಿಷಗಳ ಬೆಳಕು ಬೇಕಾಗುತ್ತಿತ್ತು. ಕಟ್ಟಡಕ್ಕೆ ಇದರಿಂದ ಬಾಧಕವಿಲ್ಲ. ನಮ್ಮ ನಾಡಿನ ನಿದರ್ಶನವನ್ನೇ ಕೊಡುವುದಾದರೆ, ಪಿಗೂ, ನೀಲ್ ಮತ್ತು ಬಿಗ್ಸ್ ಎಂಬವರು ತೆಗೆದ ಚಿತ್ರಗಳು ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ಹೆಸರಿನಿಂದ 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪವಾಗಿ ಬಂದುವು. ಹಳೇಬೀಡಿನ ಶಿಲಾಬಾಲಿಕೆ ಎಷ್ಟು ಹೊತ್ತಾದರೂ ಅಲುಗದೆ ನಿಲ್ಲಬಲ್ಲಳು. ಜೀವಂತ ಮನುಷ್ಯನು ಅಷ್ಟು ಹೊತ್ತು ರೆಪ್ಪೆಯಾಡಿಸದೆ ಕುಳಿತಿರಲಾರನು. ಜನರಾದರೋ ಹೊಸ ವಿದ್ಯೆಯಿಂದ ಮೊದಲು ಬಯಸಿದ್ದು ತಮ್ಮ ಮುಖವನ್ನು.

ಈ ಬಯಕೆಯನ್ನು ಪೂರೈಸಲು ಮೊದಮೊದಲು ನಡೆದ ಯತ್ನಗಳಲ್ಲಿ ಒಂದು, ಮಸೂರವನ್ನೇ ಬಿಟ್ಟುಬಿಡುವುದು. ನ್ಯೂಯಾರ್ಕಿನ ಅಲೆಕ್ಸಾಂಡರ್ ವೊಲ್‌ಕಾಟನು ಪೆಟ್ಟಿಗೆಯ ಹಿಂಬದಿಯಲ್ಲಿ ನಿಮ್ನ ದರ್ಪಣವನ್ನಿಟ್ಟು, ಅದು ಒಟ್ಟುಗೂಡಿಸಿದ ಬೆಳಕನ್ನು ಚಿಕ್ಕ ಫಲಕದ ಮೇಲೆ ಬೀಳಿಸಿದನು. ಇದಕ್ಕೆ ಅವನು 1840ರ ಮೇ 8ರಂದು ಪೇಟೆಂಟು ಪಡೆದನು. ಲಂಡನ್ನಿನಲ್ಲಿ ರಿಚರ್ಡ್ ಬಿಯರ್ಡನು 1841ರ ಮಾರ್ಚ್ 23ರಂದು ತೆರೆದ ಭಾವಚಿತ್ರಶಾಲೆ ಈ ದರ್ಪಣವನ್ನೇ ಅವಲಂಬಿಸಿದ್ದಿತು. ಆದರೆ ಫಲಕವು ಬೆಳಕಿನ ದಾರಿಯಲ್ಲಿಯೇ ನಿಲ್ಲಬೇಕಾಗಿದ್ದುದರಿಂದ ಅದನ್ನು ದೊಡ್ಡದು ಮಾಡುವಂತಿರಲಿಲ್ಲ. ಚಿತ್ರಗಳು ಅಂಗೈಗಿಂತ ಕಿರಿದಾಗಿಯೇ ಉಳಿದವು.

ಸಮರ್ಪಕವಾದ ಪರಿಹಾರ ದೊರೆತದ್ದು ವಿಯೆನ್ನಾದಲ್ಲಿ. ಅಲ್ಲಿಯ ವಿಶ್ವವಿದ್ಯಾನಿಲಯದ ಆಂಡ್ರಿಯಾಸ್ ಎಟಿಂಗ್ಸ್‌ಹೌಸನ್ನನು ದಗೇರನ ವಿಧಾನದ ಕೊರತೆಯನ್ನು ಗಮನಿಸಿ, ತನ್ನ ಸಹೋದ್ಯೋಗಿಯಾದ ಗಣಿತ ಪ್ರಾಧ್ಯಾಪಕ ಯೋಸೆಫ್ ಪೆಟ್ಸ್‌ವಾಲನನ್ನು ಈ ಸಮಸ್ಯೆಯತ್ತ ತಿರುಗಿಸಿದನು. ಪೆಟ್ಸ್‌ವಾಲನು ಜನಿಸಿದ್ದು 1807ರಲ್ಲಿ, ಈಗ ಸ್ಲೊವಾಕಿಯಾಕ್ಕೆ ಸೇರಿರುವ ಸ್ಪಿಷ್‌ಸ್ಕಾ ಬೇಲಾ ಎಂಬ ಊರಿನಲ್ಲಿ. ಅದುವರೆಗೆ ಮಸೂರ ತಯಾರಕರು ಬಹುಮಟ್ಟಿಗೆ ಉಜ್ಜಿ ನೋಡಿ, ತಿದ್ದಿ ಉಜ್ಜಿ, ಅನುಭವದಿಂದಲೇ ಗುರಿ ಮುಟ್ಟುತ್ತಿದ್ದರು. ಪೆಟ್ಸ್‌ವಾಲನು ಗಾಜನ್ನು ಮುಟ್ಟುವ ಮೊದಲು ಲೆಕ್ಕಕ್ಕೆ ಕುಳಿತನು. ಕಿರಣಗಳ ಹಾದಿಯನ್ನು ಗುಣಿಸುವ ದೀರ್ಘ ಶ್ರಮಕ್ಕಾಗಿ, ಫಿರಂಗಿಯ ಗುರಿಲೆಕ್ಕದಲ್ಲಿ ಪಳಗಿದ ಸೈನಿಕರನ್ನು ಆಸ್ಟ್ರಿಯಾದ ಫಿರಂಗಿದಳವು ಅವನಿಗೆ ಎರವಲು ಕೊಟ್ಟಿತು. 1840ರಲ್ಲಿ ಲೆಕ್ಕ ಮುಗಿಯಿತು. ಎರಡು ಜೋಡಿಗಳಲ್ಲಿ ಒಟ್ಟು ನಾಲ್ಕು ಗಾಜುಗಳು. ಮುಂದಿನ ಜೋಡಿ ಪರಸ್ಪರ ಅಂಟಿಕೊಂಡದ್ದು, ಹಿಂದಿನ ಜೋಡಿಯ ನಡುವೆ ತೆರಪು. ಸಂಗಮದೂರ ಸುಮಾರು 150 ಮಿಲಿಮೀಟರು. ರಂಧ್ರದ ವ್ಯಾಸ ಅದರ 3.6ನೆಯ ಒಂದು ಪಾಲು.

ಈ ಅಂಕಿಯ ಮಹತ್ವ ಹೀಗಿದೆ. ಬೆಳಕಿನ ಮೊತ್ತ ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, ಪೆಟ್ಸ್‌ವಾಲನ ಮಸೂರವು ಶೆವಾಲಿಯೆಯದಕ್ಕಿಂತ ಸುಮಾರು 17 ಪಟ್ಟು ಹೆಚ್ಚು ಬೆಳಕನ್ನು ಫಲಕಕ್ಕೆ ಕೊಡುತ್ತಿತ್ತು. ಎಂಟು ನಿಮಿಷದ ಕೆಲಸ ಅರ್ಧ ನಿಮಿಷಕ್ಕೆ ಇಳಿಯಿತೆಂದು ತಿಳಿದರೆ ಸಾಕು. ಅದೇ ವರ್ಷಗಳಲ್ಲಿ ಬ್ರೋಮೀನಿನ ಪ್ರಯೋಗದಿಂದ ಫಲಕಗಳೂ ಚುರುಕಾದವು. ಇವೆರಡೂ ಕೂಡಿ ಭಾವಚಿತ್ರವನ್ನು ಒಂದು ವೃತ್ತಿಯನ್ನಾಗಿಸಿದವು. ವಿಯೆನ್ನಾದ ಫೋಕ್ಟ್‌ಲೆಂಡರನು ಈ ಮಸೂರವನ್ನು ತಯಾರಿಸಿ, 1841ರಲ್ಲಿ ಅದನ್ನು ಅಳವಡಿಸಿದ ಹಿತ್ತಾಳೆಯ ಕ್ಯಾಮೆರಾವನ್ನೂ ಮಾರಾಟಕ್ಕೆ ತಂದನು.

ಹೀಗಿದ್ದರೂ ಈ ಲಾಭಕ್ಕೆ ಬೆಲೆ ತೆರಬೇಕಾಯಿತು ಎಂಬುದೇ ನಮ್ಮ ವಿವೇಚನೆಯ ತಿರುಳು. ಅಗಲವಾದ ಬಾಯಿಯ ಈ ಮಸೂರದಲ್ಲಿ ಚಿತ್ರವು ಸಮತಲದ ಮೇಲೆ ಮೂಡದೆ ಬಟ್ಟಲಿನಂತೆ ಬಾಗಿ ಮೂಡುತ್ತದೆ. ಫಲಕವಾದರೋ ಚಪ್ಪಟೆ. ಆದುದರಿಂದ ನಡುಭಾಗ ಅತ್ಯಂತ ಸ್ಪಷ್ಟವಾಗಿದ್ದು, ಅಂಚಿನತ್ತ ಹೋದಂತೆಲ್ಲ ಮಸುಕಾಗುತ್ತದೆ. ದೇಶದೃಶ್ಯಕ್ಕೆ ಇದು ದೋಷ, ಭಾವಚಿತ್ರಕ್ಕೆ ಸಹ್ಯ. ಕಣ್ಣು, ಮೂಗು, ಬಾಯಿ ನಡುವೆ ಬಂದರೆ ಸಾಕು, ತೋಳಿನ ಮಡಿಕೆ ಮಾಸಿದರೆ ಕೇಳುವವರಿಲ್ಲ. ಮುಖಕ್ಕಾಗಿ ಅಂಚನ್ನು, ವೇಗಕ್ಕಾಗಿ ಸಮಗ್ರತೆಯನ್ನು ಬಿಟ್ಟುಕೊಟ್ಟ ಆಯ್ಕೆ ಇದು. ಯಾವುದನ್ನು ಪಡೆಯಬೇಕು ಎಂಬಷ್ಟೇ, ಯಾವುದನ್ನು ಕಳೆದುಕೊಳ್ಳಬಹುದು ಎಂಬ ನಿರ್ಧಾರವೂ ಈ ಗಾಜಿನಲ್ಲಿ ಅಡಗಿದೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಮುಖದ ಪ್ರಮಾಣವನ್ನು ನಿರ್ಣಯಿಸುವುದು ಮಸೂರವಲ್ಲ, ಕುಳಿತವರಿಗೂ ಕ್ಯಾಮೆರಾಕ್ಕೂ ಇರುವ ಅಂತರ. ಮೂಗಿನ ತುದಿಯಿಂದ ಕಿವಿಯವರೆಗೆ 10 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಮೂಗಿನಿಂದ 50 ಸೆಂಟಿಮೀಟರು ದೂರದಿಂದ ಚಿತ್ರ ತೆಗೆದರೆ, ಕಿವಿಗೆ ಹೋಲಿಸಿದಾಗ ಮೂಗು ಐದರಲ್ಲಿ ಒಂದು ಪಾಲು ಉಬ್ಬಿ ತೋರುತ್ತದೆ. 2 ಮೀಟರಿಗೆ ಹಿಂಜರಿದರೆ ಆ ಉಬ್ಬು ಇಪ್ಪತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ದೂರ ನಿಂತೂ ಮುಖವನ್ನು ದೊಡ್ಡದಾಗಿ ಪಡೆಯಬೇಕಾದರೆ ಸಂಗಮದೂರ ಉದ್ದವಾಗಿರಬೇಕು. 1841ರ ಕ್ಯಾಮೆರಾದ ದುಂಡು ಚಿತ್ರದ ವ್ಯಾಸ 8ರಿಂದ 9 ಸೆಂಟಿಮೀಟರು. ಸಂಗಮದೂರ ಅದರ ಒಂದೂವರೆ ಪಟ್ಟಿಗೂ ಮಿಕ್ಕಿದ್ದು. ಇದೇ ಪ್ರಮಾಣವನ್ನು 35 ಮಿಲಿಮೀಟರು ಫಿಲ್ಮಿನ ಚೌಕಟ್ಟಿಗೆ ಇಳಿಸಿ ಲೆಕ್ಕ ಹಾಕಿದರೆ 70ರಿಂದ 80 ಮಿಲಿಮೀಟರಿನ ಮಸೂರವಾಗುತ್ತದೆ. ಇಂದಿನ ಛಾಯಾಗ್ರಾಹಕರು ಭಾವಚಿತ್ರಕ್ಕೆ ಸಾಮಾನ್ಯವಾಗಿ ಆರಿಸುವ 85 ಮಿಲಿಮೀಟರಿಗೆ ಇದು ಎಷ್ಟು ಸಮೀಪವೆಂಬುದು ಸೋಜಿಗವನ್ನುಂಟುಮಾಡುತ್ತದೆ.

ಮಾಸಿದ ಅಂಚು ಕೇವಲ ಸಹ್ಯವಾಗಿ ಉಳಿಯಲಿಲ್ಲ. ಕ್ರಮೇಣ ಇಷ್ಟವೂ ಆಯಿತು. ಕಲ್ಕತ್ತೆಯಲ್ಲಿ 1815ರಲ್ಲಿ ಜನಿಸಿ, ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ನೆಲೆಸಿದ್ದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ 1864ರಿಂದ ಚಿತ್ರ ತೆಗೆಯತೊಡಗಿದಾಗ ಬಳಸಿದ್ದು, ಪೆಟ್ಸ್‌ವಾಲನ ಮಾದರಿಯ ಫ್ರೆಂಚ್ ಮಸೂರವನ್ನು. ಆಕೆಯ ಚಿತ್ರಗಳ ಮೃದುತ್ವವನ್ನು ವೃತ್ತಿಯ ಪತ್ರಿಕೆಗಳು ಅಕುಶಲತೆಯೆಂದು ಜರೆದವು. ಆಕೆ ತನ್ನ ದಾರಿಯನ್ನು ಬಿಡಲಿಲ್ಲ. 1866ರಲ್ಲಿ ಲಂಡನ್ನಿನ ಡಾಲ್‌ಮೈಯರನು, ಹಿಂದಿನ ಗಾಜುಗಳ ಅಂತರವನ್ನು ತಿರುಗಿಸಿ ಬದಲಿಸುವುದರಿಂದ ಚಿತ್ರವನ್ನು ಬೇಕಾದಷ್ಟೇ ಮೃದುಗೊಳಿಸಬಹುದಾದ ಮಸೂರಕ್ಕೆ ಪೇಟೆಂಟು ಪಡೆದನು. ದೋಷವು ಆಯ್ಕೆಯ ವಸ್ತುವಾಯಿತು. 2013ರಲ್ಲಿ ಲೋಮೋಗ್ರಫಿ ಸಂಸ್ಥೆಯು ಸಾರ್ವಜನಿಕರಿಂದ ಹಣ ಕೂಡಿಸಿ ಪೆಟ್ಸ್‌ವಾಲನ ಹೆಸರಿನಲ್ಲಿಯೇ 85 ಮಿಲಿಮೀಟರಿನ ಹೊಸ ಮಸೂರವನ್ನು ಹೊರತಂದಾಗ, ಕೊಂಡವರು ಅಪೇಕ್ಷಿಸಿದ್ದು ಮುಖ್ಯವಾಗಿ ಆ ಮಸುಕನ್ನೇ.

ಮೂಲ ಕರ್ತೃವಿನ ಪಾಲಿಗೆ ಮಾತ್ರ ಹೆಚ್ಚೇನೂ ದಕ್ಕಲಿಲ್ಲ. ಅವನಿಗೆ ಸಂದದ್ದು ಒಮ್ಮೆಗೆ ಕೊಟ್ಟ 2000 ಗಿಲ್ಡರುಗಳು. ಆಸ್ಟ್ರಿಯಾದ ಹೊರಗೆ ಪೇಟೆಂಟಿನ ರಕ್ಷಣೆಯಿಲ್ಲದುದರಿಂದ ಪ್ಯಾರಿಸು, ಲಂಡನ್ನುಗಳ ತಯಾರಕರು ಮಾದರಿಯನ್ನು ನಿರಾತಂಕವಾಗಿ ಅನುಕರಿಸಿದರು. ಫೋಕ್ಟ್‌ಲೆಂಡರನೊಡನೆ ವಿರಸ ಬೆಳೆಯಿತು. 1849ರಲ್ಲಿ ಆತ ಬ್ರೌನ್‌ಷ್ವೈಗಿನಲ್ಲಿಯೂ ಕಾರ್ಖಾನೆ ತೆರೆದು ಅದೇ ಮಸೂರವನ್ನು ತಯಾರಿಸತೊಡಗಿದನು. ಪೆಟ್ಸ್‌ವಾಲನು 1891ರಲ್ಲಿ ವಿಯೆನ್ನಾದಲ್ಲಿ ಮೃತನಾದನು.

ಈಗ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಮರಳೋಣ. ಆ ಮುಖಗಳ ಬಿಗುವಿನಲ್ಲಿ ಯುಗದ ಶಿಷ್ಟಾಚಾರವೂ ಇದೆ; ಆದರೆ ಅರ್ಧ ನಿಮಿಷವಾದರೂ ಅಲುಗದೆ ಕುಳಿತವರ ಶ್ರಮವೂ, ತಲೆಯ ಹಿಂದೆ ಆಸರೆಯಾಗಿ ನಿಂತ ಕಬ್ಬಿಣದ ಕವಲೂ ಇವೆ. ನಗುವನ್ನು ಅಷ್ಟು ಹೊತ್ತು ಹಿಡಿದಿಡುವುದು ಯಾರಿಗೆ ತಾನೆ ಸಾಧ್ಯ? ಹಳೆಯ ಭಾವಚಿತ್ರವನ್ನು ಆಧಾರವಾಗಿ ಕೈಗೆತ್ತಿಕೊಳ್ಳುವವರು, ಇದು ಯಾರ ಮುಖವೆಂದು ಕೇಳುವುದರ ಜೊತೆಗೆ, ಎಷ್ಟು ಹೊತ್ತಿನಲ್ಲಿ, ಎಷ್ಟು ದೂರದಿಂದ, ಯಾವ ಮಸೂರದಿಂದ ತೆಗೆದದ್ದೆಂದೂ ಕೇಳಬೇಕು. ಹಾಗೆ ಕೇಳದಿದ್ದಲ್ಲಿ, ಗಾಜಿನ ಗುಣವನ್ನು ಮನುಷ್ಯನ ಗುಣವೆಂದು ಬರೆದಿಡುವ ಅಪಾಯವುಂಟು. ನಾವೇ ಒಮ್ಮೆ ಹಾಗೆ ಹೇಳಿದವರಾದುದರಿಂದ ಈ ಮಾತನ್ನು ಇಲ್ಲಿ ದಾಖಲಿಸುವುದು ಉಚಿತವೆಂದು ಭಾವಿಸಿದ್ದೇವೆ.